ಐಕ್ಯೂ (ಬುದ್ಧಿಮತ್ತೆ ಪರೀಕ್ಷೆಯ ಅಂಕ) 112 ಬಂದಿದೆ, ಸೃಜನಶೀಲತೆಗೆ 120 ಬೇಕಂತೆ. ಕಥೆ ಬರೆಯುವ ಆಸೆ ಬಿಡಬೇಕೇ?

ನಿಮ್ಮದು 112, ನನ್ನದು 109. ಆಗ ನನಗೆ ಹದಿನೇಳು ವರ್ಷ. 120ರ ಆ ಮಾತನ್ನು ನಾನೂ ಓದಿದ್ದೆ, ಓದಿ ನಂಬಿದ್ದೆ.

ಆ ದಿನಗಳಲ್ಲಿ ನಾನು ರಟ್ಟಿನಿಂದ ಚಲಿಸುವ ಆಟಿಕೆಗಳನ್ನು ಮಾಡುತ್ತಿದ್ದೆ. ಹಿಡಿಕೆ ತಿರುಗಿಸಿದರೆ ರೆಕ್ಕೆ ಬಡಿಯುವ ಹಕ್ಕಿಯೊಂದು ಅರ್ಧಕ್ಕೆ ಬಂದಿತ್ತು. ಎಡರೆಕ್ಕೆ ಸಲೀಸಾಗಿ ಏಳುತ್ತಿತ್ತು. ಬಲರೆಕ್ಕೆ ಅರ್ಧ ಎದ್ದು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅಂಕ ಕೈಗೆ ಬಂದ ವಾರವೇ ಅದನ್ನು ಪೆಟ್ಟಿಗೆಗೆ ಹಾಕಿ ಮಂಚದ ಕೆಳಗೆ ತಳ್ಳಿದೆ. ರೆಕ್ಕೆ ಏಕೆ ಸಿಕ್ಕಿಕೊಳ್ಳುತ್ತದೆ ಎಂಬುದಕ್ಕೆ ಕಾರಣ ಸಿಕ್ಕಿಬಿಟ್ಟಿತ್ತಲ್ಲ: ನನಗೆ ಅಷ್ಟು ತಲೆಯಿಲ್ಲ. ಹನ್ನೊಂದು ವರ್ಷ ಆ ಪೆಟ್ಟಿಗೆಯನ್ನು ತೆರೆಯಲಿಲ್ಲ.

ನನ್ನ ತಪ್ಪನ್ನು ಬಿಡಿಸಿ ಹೇಳಬೇಕು, ಏಕೆಂದರೆ ಮೇಲ್ನೋಟಕ್ಕೆ ಅದು ತಪ್ಪಿನಂತೆ ಕಾಣುವುದಿಲ್ಲ. ಪರೀಕ್ಷೆಯನ್ನು ನಂಬಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಂದು ವಿಷಯದಲ್ಲಿ ಮುಂದಿರುವವರು ಸಾಮಾನ್ಯವಾಗಿ ಮಿಕ್ಕ ವಿಷಯಗಳಲ್ಲೂ ಮುಂದಿರುತ್ತಾರೆ ಎಂಬುದನ್ನು ಮನೋವಿಜ್ಞಾನಿ ಸ್ಪಿಯರ್‌ಮನ್ 1904ರಲ್ಲೇ ತೋರಿಸಿದ್ದರು. ಐಕ್ಯೂ ಆ ಸಾಮಾನ್ಯ ಸಾಮರ್ಥ್ಯವನ್ನು ತಕ್ಕಮಟ್ಟಿಗೆ ಅಳೆಯುತ್ತದೆ. ನಾನು ಎಡವಿದ್ದು 120ರ ವಿಷಯದಲ್ಲಿ. ಅದು ಹೊಸ್ತಿಲು ಸಿದ್ಧಾಂತದ ಮಾತು. ಬಹಳ ಜನರನ್ನು ಒಟ್ಟಿಗೆ ನೋಡಿದಾಗ ಸುಮಾರು 120ರ ತನಕ ಐಕ್ಯೂ ಏರಿದಂತೆ ಸೃಜನಶೀಲತೆಯ ಅಂಕವೂ ಏರುತ್ತದೆ, ಅದರಾಚೆಗೆ ಆ ನಂಟು ಸಡಿಲವಾಗುತ್ತದೆ ಎನ್ನುವುದಷ್ಟೇ ಅದರ ವಾದ. ಅದೂ ಎಲ್ಲ ಅಧ್ಯಯನಗಳಲ್ಲಿ ಗಟ್ಟಿಯಾಗಿ ನಿಂತಿಲ್ಲ. 120ರ ಕೆಳಗಿನವರ ಕೈಯಿಂದ ಏನೂ ಹುಟ್ಟದು ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಗುಂಪಿನ ಸರಾಸರಿಯನ್ನು ನಾನು ನನ್ನೊಬ್ಬನ ಮೇಲಿನ ತೀರ್ಪಾಗಿ ಓದಿಕೊಂಡೆ. ಅದಕ್ಕಿಂತ ಕೆಟ್ಟದ್ದೆಂದರೆ, ಕೆಲಸ ಕೈಕೊಟ್ಟಾಗಲೆಲ್ಲ ಆ ಅಂಕವನ್ನೇ ಕಾರಣವಾಗಿ ಮುಂದೊಡ್ಡಿದೆ. ಕಾರಣ ಒಮ್ಮೆ ಸಿಕ್ಕಿತೆಂದರೆ ಹುಡುಕಾಟ ನಿಲ್ಲುತ್ತದೆ. ನನ್ನ ಹನ್ನೊಂದು ವರ್ಷಗಳನ್ನು ತಿಂದದ್ದು ಇದೇ.

ಟರ್ಮನ್ ಅವರ ಸಂಗತಿ ಆಗ ತಿಳಿದಿದ್ದರೆ ಚೆನ್ನಾಗಿತ್ತು. ಅಮೆರಿಕದ ಈ ಮನೋವಿಜ್ಞಾನಿ 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅತಿ ಹೆಚ್ಚು ಐಕ್ಯೂ ಇರುವ ಮಕ್ಕಳನ್ನು ಆರಿಸತೊಡಗಿದರು. ಸುಮಾರು 1,500 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನ ಅದು. ಪರೀಕ್ಷೆಯಲ್ಲಿ ಸಾಕಷ್ಟು ಅಂಕ ಬಾರದೆ ಹೊರಗುಳಿದವರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್ ಇದ್ದರು. ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆರಿಸಿಕೊಂಡ ಮಕ್ಕಳಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ.

ಇದರಲ್ಲಿ ಪವಾಡವೇನಿಲ್ಲ. ಐಕ್ಯೂ ಪ್ರಶ್ನೆಗೆ ಒಂದೇ ಸರಿಯುತ್ತರ. ಒಂದು ಇಟ್ಟಿಗೆಯಿಂದ ಏನೇನು ಮಾಡಬಹುದು ಎಂದು ಕೇಳಿದರೆ ಉತ್ತರಕ್ಕೆ ಕೊನೆಯೇ ಇಲ್ಲ. ಈ ಎರಡನೆಯ ಬಗೆಯ ಯೋಚನೆ ಐಕ್ಯೂ ಬಲೆಗೆ ಬೀಳುವುದಿಲ್ಲ ಎಂದು ಮನೋವಿಜ್ಞಾನಿ ಗಿಲ್ಫರ್ಡ್ 1950ರಿಂದ ವಾದಿಸುತ್ತ ಬಂದರು.

ನೀವು ಕೇಳಿರುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಪತ್ರದಲ್ಲಿ ಅಂಕದ ಬಗ್ಗೆ ಆರು ಸಾಲು ಬರೆದಿದ್ದೀರಿ, ನಿಮ್ಮ ಕಥೆಗಳ ಬಗ್ಗೆ ಅರ್ಧ ಸಾಲು. ಮತ್ತೊಮ್ಮೆ ಪರೀಕ್ಷೆ ಬರೆಯಲೇ ಎಂದೂ ಕೇಳಿದ್ದೀರಿ. ಬರೆಯಬೇಡಿ. 121 ಬಂದರೂ ಅದು ನಿಮ್ಮ ಕಥೆಯ ಒಂದು ವಾಕ್ಯವನ್ನೂ ತಿದ್ದಿಕೊಡುವುದಿಲ್ಲ. ಅಂಕವನ್ನು ಎದುರಿಗಿಟ್ಟುಕೊಂಡು ಕೂತರೆ ಪ್ರತಿ ಪುಟವೂ ಪರೀಕ್ಷೆಯೇ ಆಗುತ್ತದೆ. ತಮ್ಮ ಕೆಲಸಕ್ಕೆ ಮೌಲ್ಯಮಾಪನ ಕಾದಿದೆ ಎಂದು ತಿಳಿದವರು ಕಾಗದದ ತುಂಡುಗಳ ಅಂಟುಚಿತ್ರ ಮಾಡುವಾಗಲೂ ಹೊಸತನ ಕಳೆದುಕೊಂಡದ್ದನ್ನು ಮನೋವಿಜ್ಞಾನಿ ತೆರೇಸಾ ಅಮಾಬಿಲೆ ಪ್ರಯೋಗ ಮಾಡಿ ತೋರಿಸಿದ್ದಾರೆ. ಸಿಕ್ಕಿಕೊಂಡ ಕಥೆಯನ್ನು ತೆಗೆಯಿರಿ, ಅದು ಯಾವ ವಾಕ್ಯದಲ್ಲಿ ನಿಂತಿದೆ ಎಂದು ಬೆರಳಿಟ್ಟು ನೋಡಿ.

ಮನೆ ಬದಲಿಸುವಾಗ ನನ್ನ ಪೆಟ್ಟಿಗೆ ಸಿಕ್ಕಿತು. ಹಕ್ಕಿಯನ್ನು ಮಡಿಲಲ್ಲಿಟ್ಟುಕೊಂಡು ಹಿಡಿಕೆಯನ್ನು ನಿಧಾನವಾಗಿ ತಿರುಗಿಸಿದೆ. ಬಲರೆಕ್ಕೆಯ ದಾರ ಎಡರೆಕ್ಕೆಯದಕ್ಕಿಂತ ಒಂದು ಬೆರಳು ಮೇಲಿನ ತೂತಿನಲ್ಲಿತ್ತು. ಸೂಜಿಯಿಂದ ಕೆಳಗೊಂದು ತೂತು ಮಾಡಿ ದಾರ ಬದಲಿಸಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ.