ಕಲ್ಚರಿನಲ್ಲಿ ಬ್ಯಾಕ್ಟೀರಿಯಾ ಇದೆ, ಅತ್ತೆಗೆ ಉರಿಯಿಲ್ಲ

ಪ್ರಶ್ನೆ: ನಮ್ಮ ಅತ್ತೆಗೆ 78 ವರ್ಷ, ಸಕ್ಕರೆ ಕಾಯಿಲೆಯಿದೆ. ಮೂತ್ರ ವಾಸನೆ ಬರುತ್ತದೆಂದು ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಮೂತ್ರ ಪರೀಕ್ಷೆ) ಮಾಡಿಸಿದೆವು. ‘ಇ. ಕೋಲೈ, ಒಂದು ಲಕ್ಷಕ್ಕಿಂತ ಹೆಚ್ಚು’ ಎಂದು ಬಂತು, ಅಂದರೆ ಒಂದು ಮಿ.ಲೀ. ಮೂತ್ರದಲ್ಲಿ ಆ ಬ್ಯಾಕ್ಟೀರಿಯಾ ಅಷ್ಟಿದೆಯಂತೆ. ಉರಿ, ಜ್ವರ ಯಾವುದೂ ಇಲ್ಲ. ಆರು ತಿಂಗಳಲ್ಲಿ ಎರಡು ಸಲ ಆಂಟಿಬಯಾಟಿಕ್ ಕೊಟ್ಟಾಗಿದೆ. ಮತ್ತೆ ಕೊಡಬೇಕೇ?
—ಓದುಗರೊಬ್ಬರು, ಹಾಸನ

ಉತ್ತರ: ಬೇರೆ ತೊಂದರೆ ಇಲ್ಲದಿದ್ದರೆ ಬೇಡ. ಈ ವಯಸ್ಸಿನ ಹೆಂಗಸರ ಮೂತ್ರಕೋಶದಲ್ಲಿ ಬ್ಯಾಕ್ಟೀರಿಯಾ ಸುಮ್ಮನೆ ಬೀಡುಬಿಟ್ಟಿರುವುದು ಮಾಮೂಲು. ರಿಪೋರ್ಟಿನಲ್ಲಿ ಪಸ್ ಸೆಲ್ (ಕೀವಿನ ಕಣ) ಹೆಚ್ಚಿದ್ದರೂ, ಸಕ್ಕರೆ ಕಾಯಿಲೆಯಿದ್ದರೂ ಇದೇ ಮಾತು. ಮೂತ್ರನಾಳದ ಶಸ್ತ್ರಚಿಕಿತ್ಸೆ ಇದ್ದರೆ ಮಾತ್ರ ಲೆಕ್ಕ ಬೇರೆ. ಮಾತ್ರೆಗೆ ಸತ್ತ ಬ್ಯಾಕ್ಟೀರಿಯಾದ ಜಾಗಕ್ಕೆ ಕೆಲವೇ ವಾರದಲ್ಲಿ ಇನ್ನೊಂದು ಬಂದು ಕೂರುತ್ತದೆ, ಬಹಳ ಸಲ ಆ ಮಾತ್ರೆಗೆ ಬಗ್ಗದ್ದೇ. ಬರೀ ವಾಸನೆಗೆ ನೀರು ಕಡಿಮೆ ಕುಡಿಯುವುದೇ ಕಾರಣವಿರಬಹುದು.

ಹೊಸದಾಗಿ ಉರಿ, ಪದೇಪದೇ ಅವಸರ, ಕಿಬ್ಬೊಟ್ಟೆ ನೋವು ಶುರುವಾದರೆ ಅದು ಸೋಂಕು. ಚಳಿ, 100.4 ಡಿಗ್ರಿ ದಾಟಿದ ಜ್ವರ, ಪಕ್ಕೆಯ ಹಿಂಭಾಗದಲ್ಲಿ ನೋವು, ವಾಂತಿ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇದ್ದಕ್ಕಿದ್ದಂತೆ ಮಾತು ತಡವರಿಸಿದರೆ, ಮನೆಯವರ ಗುರುತು ಸಿಗದಿದ್ದರೆ ಒಂದು ಗಳಿಗೆಯೂ ತಡಮಾಡದೆ ಹೋಗಬೇಕು. ಆದರೆ ಗೊಂದಲವೊಂದನ್ನೇ ನೋಡಿ ಮೂತ್ರದ ಮೇಲೆ ಹೊರಿಸಬೇಡಿ. ರಕ್ತದ ಸೋಡಿಯಂ, ಸಕ್ಕರೆ, ಮಲಬದ್ಧತೆ, ಹೊಸ ನಿದ್ರೆ ಮಾತ್ರೆ, ಮೂತ್ರ ಕಟ್ಟಿಕೊಂಡಿರುವುದು, ಇವನ್ನೂ ನೋಡಬೇಕು. ಪಾರ್ಶ್ವವಾಯುವನ್ನಂತೂ ಮರೆಯುವಂತಿಲ್ಲ.

ಮುಂದೆ ಕಲ್ಚರ್ ಬೇಕಾದರೆ, ಬೆಡ್‌ಪ್ಯಾನ್‌ನಿಂದ ಸುರಿದದ್ದು ಲ್ಯಾಬಿಗೆ ಬೇಡ. ಮುಂದಿನಿಂದ ಹಿಂದಕ್ಕೆ ನೀರಿನಲ್ಲಿ ತೊಳೆದು, ಯೋನಿಯ ತುಟಿಗಳನ್ನು ಬಿಡಿಸಿ ಹಿಡಿದು, ಮೊದಲ ಧಾರೆ ಬಿಟ್ಟು ನಡುವಿನದನ್ನು ಲ್ಯಾಬಿನ ಸ್ಟೆರೈಲ್ ಡಬ್ಬಿಗೆ ಹಿಡಿಯಿರಿ. ಮುಚ್ಚಳದ ಒಳಭಾಗ ಮುಟ್ಟಬಾರದು. ಎರಡು ಗಂಟೆಯೊಳಗೆ ಲ್ಯಾಬ್ ತಲುಪಿಸಿ. ಆಗದಿದ್ದರೆ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಲ್ಲ. ಬೇಸಿಗೆಯಲ್ಲಿ ಅರ್ಧ ದಿನ ಹೊರಗಿಟ್ಟರೆ ಕೆಲವೇ ಬ್ಯಾಕ್ಟೀರಿಯಾ ಲಕ್ಷವಾಗುವುದು ಡಬ್ಬಿಯಲ್ಲೇ!

ಉರಿ ಸಮೇತ ಸೋಂಕು ಮರುಕಳಿಸುತ್ತಿದ್ದರೆ ಸ್ತ್ರೀರೋಗ ತಜ್ಞರಲ್ಲಿ ಈಸ್ಟ್ರೋಜನ್ (ಹೆಣ್ಣು ಹಾರ್ಮೋನು) ಕ್ರೀಮಿನ ಬಗ್ಗೆ ಕೇಳಿ. ಮುಟ್ಟು ನಿಂತ ಮೇಲೆ ಯೋನಿಯ ಹಿತಕರ ಬ್ಯಾಕ್ಟೀರಿಯಾ ತಗ್ಗಿ ಇ. ಕೋಲೈಗೆ ಜಾಗವಾಗುತ್ತದೆ. ಯೋನಿಗೆ ಹಚ್ಚುವ ಈ ಕ್ರೀಮ್ ಅದನ್ನು ಸರಿಪಡಿಸುತ್ತದೆ. ಸಾಮಾನ್ಯವಾಗಿ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆರಡು ಸಲ. ಗುಣ ಕಾಣಲು ಕೆಲವು ವಾರ ಬೇಕು. ಸ್ತನ ಕ್ಯಾನ್ಸರ್ ಆಗಿದ್ದವರು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳದೆ ಹಚ್ಚಬಾರದು. ಬಾರ್ಲಿ ನೀರು ಕುಡಿಯಲಿ, ಅದೂ ನೀರೇ. ಎಳನೀರು ಮಾತ್ರ ಕಿಡ್ನಿ ಕುಂದಿದ್ದರೆ ಬೇಡ, ಪೊಟ್ಯಾಸಿಯಂ ಏರುತ್ತದೆ.