ಉ: ಕುದುರೆ ಟ್ರಿಪ್ ಅರ್ಜಿ ಫಾರ್ಮ್‌ನಲ್ಲಿ ಇಂಟರ್‌ಮೀಡಿಯೆಟ್ (ಮಧ್ಯಮ ಮಟ್ಟದ ಸವಾರ) ಅಂತ ಹಾಕ್ಬಹುದಾ?

ಆರು ತಿಂಗಳಿಂದ ವಾರಕ್ಕೊಂದು ಕುದುರೆ ಸವಾರಿ ಕ್ಲಾಸ್ ಹೋಗ್ತಿದೀನಿ, ಕ್ಯಾಂಟರ್ (ಟ್ರಾಟ್‌ಗಿಂತ ಜೋರಾದ ಓಟ) ಕೂಡ ಮಾಡಿದೀನಿ, ಮಂಗೋಲಿಯಾ ಕುದುರೆ ಟ್ರಿಪ್ ಫಾರ್ಮ್‌ನಲ್ಲಿ ಇಂಟರ್‌ಮೀಡಿಯೆಟ್ ಟಿಕ್ ಮಾಡ್ಲಾ ಅಂತ ಕೇಳಿದ್ರಲ್ಲ, ದಯವಿಟ್ಟು ಈಗ್ಲೇ ಬೇಡ. ಲೆಕ್ಕ ಹಾಕಿದ್ರೆ 25 ಕ್ಲಾಸ್ ಆಗಿರುತ್ತೆ ಅಷ್ಟೇ, ಅದೂ ಬೇಲಿ ಒಳಗೆ, ಅಲ್ಲಿನ ಕುದುರೆ ಎಷ್ಟೋ ಸಲ ಕ್ಯಾಂಟರ್ ಮಾಡೋದು ನೀವು ಹೇಳಿದ್ದಕ್ಕಲ್ಲ, ಮುಂದಿನ ಕುದುರೆ ಓಡ್ತು ಅಂತ ಇಲ್ಲಾ ಮೇಷ್ಟ್ರ ದನಿ ಕೇಳಿಸ್ತು ಅಂತ.

ಕ್ಯಾಂಟರ್ ಮಾಡಿದೀನಾ ಅನ್ನೋದಕ್ಕಿಂತ ನಿಲ್ಲಿಸೋಕೆ ಬರುತ್ತಾ ನೋಡ್ಕೊಳ್ಳಿ. ಲಗಾಮು ಜಗ್ಗಾಡದೆ, ಸೊಂಟ ಬೆನ್ನು ಬಳಸಿ ಕ್ಯಾಂಟರಿಂದ ಟ್ರಾಟ್‌ಗೆ (ನಡಿಗೆಗಿಂತ ಜೋರು, ಕುಲುಕೋ ಓಟ), ಅಲ್ಲಿಂದ ನಡಿಗೆಗೆ ನೀವು ಅಂದ್ಕೊಂಡ ಜಾಗದಲ್ಲೇ ತರಬೇಕು. ಟ್ರಾಟ್‌ನಲ್ಲಿ ಕುದುರೆಯ ಹೊರಗಿನ, ಅಂದ್ರೆ ಬೇಲಿ ಕಡೆಯ, ಭುಜ ಮುಂದೆ ಹೋದಾಗ ನೀವು ಜೀನಿಂದ ಏಳ್ತಿದೀರಾ, ಕ್ಯಾಂಟರ್‌ನಲ್ಲಿ ಒಳಗಿನ ಮುಂಗಾಲು ಮುಂದಾಗಿದೆಯಾ, ಇದು ಬಗ್ಗಿ ನೋಡದೇನೇ ಗೊತ್ತಾಗಬೇಕು. ಸ್ಟಿರಪ್ (ಜೀನಿಗೆ ನೇತಾಡೋ, ಕಾಲಿಡೋ ಬಳೆ) ಬಿಟ್ಟು ಟ್ರಾಟ್ ಮಾಡುವಾಗ ಕೈ ಅಲ್ಲಾಡಬಾರದು, ಕೈ ಅಲ್ಲಾಡಿದ್ರೆ ನೋವಾಗೋದು ಕುದುರೆ ಬಾಯಿಗೆ, ನನಗೆ ಇದು ಎಲ್ಲಕ್ಕಿಂತ ಮುಖ್ಯ. ಇದೆಲ್ಲ ಕನಿಷ್ಠ ನಾಲ್ಕೈದು ಬೇರೆ ಬೇರೆ ಕುದುರೆ ಮೇಲೆ ಬರಬೇಕು.

ಜೀನು ಬಿಗಿಯೋದು, ಗೊರಸು ಕ್ಲೀನ್ ಮಾಡೋದೂ ಲೆಕ್ಕಕ್ಕೆ ಬರುತ್ತೆ, ಬ್ರಿಟನ್ನಿನಲ್ಲಿ ಮಕ್ಕಳಿಗೆ ಸವಾರಿ ಕಲಿಸೋ ಪೋನಿ ಕ್ಲಬ್‌ನ ಟೆಸ್ಟ್‌ಗಳಲ್ಲಿ ಸವಾರಿ ಜೊತೆ ಆರೈಕೆನೂ ಪರೀಕ್ಷೆ ಮಾಡ್ತಾರೆ.

ಆ ಫಾರ್ಮ್ ನೋಡಿಯೇ ನಿಮಗೆ ಕುದುರೆ ಕೊಡೋದು, ಬಯಲಲ್ಲಿ ಗುಂಪು ಒಟ್ಟಿಗೆ ಓಡೋಕೆ ಶುರು ಮಾಡಿದ್ರೆ ನಿಮ್ಮದೂ ಓಡುತ್ತೆ. 'ಬಿಗಿನರ್' ಟಿಕ್ ಮಾಡಿ, ಪಕ್ಕದಲ್ಲಿ ಎಷ್ಟು ಕ್ಲಾಸ್ ಆಗಿದೆ, ಏನೇನು ಬರುತ್ತೆ ಅಂತ ಬರೀರಿ, ತೂಕನೂ ಸರಿಯಾಗಿ ಹಾಕಿ, ಅಲ್ಲಿ ಕುದುರೆಗಳು ಗಿಡ್ಡ ಇರ್ತವೆ.