ಒಮಾನಿನ ಸಲಾಲಾದಲ್ಲಿ ನಮ್ಮ ಕರಾವಳಿಯಂಥ ಮಳೆಗಾಲ ಇದೆಯಂತೆ, ನಿಜವಾ? ನೋಡೋಕೆ ಏನೇನಿದೆ?

ಮಳೆಗಾಲ ಇದೆ, ಮಳೆ ಮಾತ್ರ ಅಷ್ಟಿಲ್ಲ. ನಾನು ಉಡುಪಿ ಕಡೆಯವನು, ಮಸ್ಕತ್ತಿನಲ್ಲಿ ಕೆಲಸ. ಒಂದು ಜುಲೈನಲ್ಲಿ ಕಾರಿನಲ್ಲೇ ಸಲಾಲಾಕ್ಕೆ ಹೋಗಿದ್ದೆ. ಸುಮಾರು ಸಾವಿರ ಕಿಲೋಮೀಟರ್, ಬಹುಪಾಲು ಬರೀ ಬೋಳು ಬಯಲು. ತುಮ್ರೈತ್ ದಾಟಿ ಘಾಟಿ ಇಳಿಯುವಾಗ ಇದ್ದಕ್ಕಿದ್ದಂತೆ ಮಂಜು ಕವಿಯಿತು. ಕಾರಿನಲ್ಲಿ 41 ಡಿಗ್ರಿ ತೋರಿಸುತ್ತಿದ್ದದ್ದು 25ಕ್ಕೆ ಇಳಿಯಿತು. ಎ.ಸಿ. ಆರಿಸಿ ಗಾಜು ಇಳಿಸಿದರೆ ಒದ್ದೆ ಹುಲ್ಲಿನ ವಾಸನೆ!

ಅಲ್ಲಿನವರು ಇದಕ್ಕೆ 'ಖರೀಫ್' ಅನ್ನುತ್ತಾರೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ನಮಗೆ ಮಳೆ ತರುವ ನೈಋತ್ಯ ಮಾರುತವೇ ಅದು. ಆ ಗಾಳಿಗೆ ಕಡಲಿನ ಮೇಲ್ಮೈಯ ಬಿಸಿನೀರು ದಡದಿಂದ ದೂರ ಸರಿದು, ಆಳದ ತಣ್ಣೀರು ಮೇಲೆ ಬರುತ್ತದೆ. ಅದರ ಮೇಲೆ ಹಾದುಬಂದ ಗಾಳಿ ಮಂಜಾಗಿ ಬೆಟ್ಟಕ್ಕೆ ಅಂಟಿ ಕೂರುತ್ತದೆ. ಬೀಳುವುದು ಜಿಟಿಜಿಟಿ ಹನಿ, ಅಷ್ಟೇ. ಎಲೆಗೆ ತಾಗಿದ ಮಂಜು ಬುಡಕ್ಕೆ ತೊಟ್ಟಿಕ್ಕುತ್ತದೆ, ಆ ಕಾಡು ಬದುಕಿರುವುದು ಹೆಚ್ಚಾಗಿ ಅದರಿಂದಲೇ.

ತಮಾಷೆ ಏನು ಗೊತ್ತಾ? ಈ ಧೋಫಾರ್ ಸೀಮೆಗೆ ಹೆಸರು ತಂದ, ಧೂಪಕ್ಕೆ ಹಾಕುವ ಲೋಬಾನ ಈ ಹಸಿರಿನಲ್ಲಿ ಬೆಳೆಯುವುದಲ್ಲ. ಬೆಟ್ಟದ ಆಚೆ, ಒಣ ನೆಲದ ಕುರುಚಲು ಮರ ಅದು. ತೊಗಟೆಯನ್ನು ಸ್ವಲ್ಪ ಕೆತ್ತಿದರೆ ಹಾಲಿನಂಥ ಅಂಟು ಜಿನುಗಿ, ಒಣಗಿ ಗಟ್ಟಿಯಾಗುತ್ತದೆ. ಆಮೇಲೆ ಕೆರೆದು ತೆಗೆಯುತ್ತಾರೆ. ನಮ್ಮ 'ಲೋಬಾನ' ಪದವೂ ಅರಬ್ಬಿಯ 'ಲುಬಾನ್'ನಿಂದ ಬಂದದ್ದೇ. ದಾರಿಯಲ್ಲೇ ಸಿಗುವ ವಾದಿ ದವ್ಕಾದಲ್ಲಿ ಈ ಮರಗಳನ್ನು ನೋಡಬಹುದು. ಲೋಬಾನ ಹಡಗು ಹತ್ತುತ್ತಿದ್ದ ಹಳೇ ಬಂದರು ಖೋರ್ ರೋರಿಯನ್ನಂತೂ ಬಿಡಬೇಡಿ. ಎರಡೂ 2000ದಿಂದ ಯುನೆಸ್ಕೋ ಪಟ್ಟಿಯಲ್ಲಿವೆ.

14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ತೆಂಗು, ವೀಳ್ಯದೆಲೆ ಕಂಡದ್ದನ್ನು ಬರೆದಿದ್ದಾನೆ. ದನಕರುಗಳಿಗೆ ಬೂತಾಯಿ ಮೀನು ತಿನ್ನಿಸುತ್ತಾರೆ ಅಂತಲೂ. ನಮ್ಮಲ್ಲಿ ಅದನ್ನು ತೆಂಗಿನ ಬುಡಕ್ಕೆ ಹಾಕುತ್ತಾರಲ್ವಾ, ಇಲ್ಲಿ ಒಣಗಿಸಿ ಒಂಟೆಗೆ ಹಾಕುವುದು ಈಗಲೂ ಇದೆ. ಬೆಟ್ಟದವರ ಮನೆಮಾತು ಜಿಬ್ಬಾಲಿ, ಅರಬ್ಬಿ ಬಲ್ಲವರಿಗೂ ಅರ್ಥವಾಗುವುದಿಲ್ಲ.

ರಸ್ತೆ ಬದಿಯಲ್ಲಿ ಸಾಲು ಸಾಲು ಎಳನೀರಿನ ಅಂಗಡಿ. ನನಗೆ ಕೊಚ್ಚಿ ಕೊಟ್ಟವರು ಕೇರಳದವರು, ಬಾಳೆಹಣ್ಣು ಅಲ್ಲಿನ ತೋಟದ್ದೇ. ಮುಗ್ಸೈಲ್‌ನಲ್ಲಿ ಬಂಡೆಯ ತೂತಿನಿಂದ ನೀರು ಚಿಮ್ಮುವುದನ್ನು ನೋಡಿ, ಆದರೆ ಖರೀಫಿನಲ್ಲಿ ಕಡಲಿಗೆ ಇಳಿಯಬೇಡಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಲ್ಪೆ ಕಡಲು ನೋಡಿದ್ದರೆ ಯಾಕೆ ಅಂತ ಹೇಳಬೇಕಿಲ್ಲ.